ತಪ್ಪು ಟೀಚರ್

"ಬಾಯಿ ಬಿಡಿ ಸಾರ್, ಒಂದೇ ಒಂದು ಸಲ," ಎಂದು ಆಸ್ಪತ್ರೆಯಲ್ಲಿ ಮಾತು ಕಲಿಸುವ ಹುಡುಗಿ ಗೋಗರೆದಳು. ಎದುರಿನ ಕುರ್ಚಿಯಲ್ಲಿದ್ದ ದಪ್ಪ ಮೀಸೆಯ ಮನುಷ್ಯ ತುಟಿಯನ್ನು ಇನ್ನಷ್ಟು ಬಿಗಿದು ಗೋಡೆಯ ಕಡೆ ತಿರುಗಿದ.

ಅವನ ಹೆಂಡತಿ ಕಣ್ಣೊರೆಸಿಕೊಂಡು ಬೆಂಚಿನ ಮೇಲಿದ್ದ ಅತ್ತೆ ಸೊಸೆಯರ ಕಡೆ ನೋಡಿದಳು. "ತರಕಾರಿ ಮಾರ್ಕೆಟ್ಟಲ್ಲಿ ಹರಾಜು ಕೂಗ್ತಿದ್ರು ಕಣಮ್ಮ. ಇವರು ಈ ತುದೀಲಿ ಕೂಗಿದ್ರೆ ಆ ತುದೀಲಿ ಲಾರಿ ಡ್ರೈವರುಗಳು ನಿದ್ದೆಯಿಂದ ಎದ್ದು ಕೂರ್ತಿದ್ರು. ಲಕ್ವ ಹೊಡೆದ ಮೇಲೆ ಒಂದ್ಸಲ ಬಾಯಿ ತೆರೆದ್ರು, ಏನೋ ಅನ್ನೋಕೆ ಹೋಗಿ ಏನೋ ಬಂತು. ನಮ್ಮ ಮೈದುನ ನಕ್ಕುಬಿಟ್ಟ. ಅಷ್ಟೇ, ಆವತ್ತಿಂದ ತುಟಿ ಪಿಟಕ್ ಅಂದಿಲ್ಲ. ಇವತ್ತೂ ಮಾತಾಡದಿದ್ರೆ ನಾಳೆಯಿಂದ ಕರ್ಕೊಂಡು ಬರಲ್ಲ ಅಂತಾನೆ ಅದೇ ಮೈದುನ. ಗಾಡಿ ಅವನದು."

ಸೊಸೆ ಕೇಳುತ್ತ ಕೇಳುತ್ತ ಒಳಗೊಳಗೇ ಹೆದರಿದಳು. ಹೆದರಿಕೆ ಆ ಮನುಷ್ಯನದಲ್ಲ, ಪಕ್ಕದಲ್ಲಿ ಕೂತಿದ್ದ ಅತ್ತೆಯದು. ಅತ್ತೆ ಶಾಲೆಯಲ್ಲಿ ಭಾಷೆ ಕಲಿಸಿದವರು. ಮಕ್ಕಳು ಅವರಿಗಿಟ್ಟ ಹೆಸರು 'ತಪ್ಪು ಟೀಚರ್'. ಯಾರ ಬಾಯಿಂದ ಅಕ್ಷರ ಜಾರಿದರೂ ಅವರ ತೋರುಬೆರಳು ತಾನಾಗಿ ಮೇಲೇಳುತ್ತಿತ್ತು. ಮದುವೆಯಾದ ಹೊಸತರಲ್ಲಿ ಸೊಸೆ ನೆಂಟರೆದುರು "ಆಲು ಕಾಯಿಸ್ಲಾ?" ಅಂದಾಗ, "ತಪ್ಪು! ಬೇಯಿಸೋದು ಆಲೂಗಡ್ಡೆ, ಕಾಯಿಸೋದು ಹಾಲು" ಅಂದಿದ್ದರು. ನೆಂಟರು ಹೊಟ್ಟೆ ಹಿಡಿದು ನಕ್ಕಿದ್ದರು. ಅಂದಿನಿಂದ ಸೊಸೆ ಆ ಮನೆಯಲ್ಲಿ 'ಹ' ಇಲ್ಲದ ಮಾತುಗಳನ್ನೇ ಹೆಕ್ಕಿ ಆಡಿದಳು. ಹೂವಿಗೆ ಗುಲಾಬಿ ಅಂದಳು, ಹಣ್ಣಿಗೆ ಮಾವು, ಬಾಳೆ ಅಂದಳು. ಹಾಲಿಗೆ ಮಾತ್ರ ಏನೂ ಸಿಗದೆ, ಪಾತ್ರೆ ತೋರಿಸಿ "ಇದನ್ನ ಕಾಯಿಸ್ಲಾ?" ಅನ್ನುತ್ತಿದ್ದಳು.

ಅಂಥ ಅತ್ತೆಗೂ ಲಕ್ವ ಹೊಡೆದು, ಮಾತು ಪೂರ್ತಿ ಹೋಗಿ, ಆಮೇಲೆ ಒಂದೊಂದೇ ಅಕ್ಷರವಾಗಿ ವಾಪಸು ಬಂತು. ಎಲ್ಲಕ್ಕಿಂತ ಸತಾಯಿಸಿದ್ದು 'ಹ'. ಅದಕ್ಕಾಗಿ ಅವರು ಕನ್ನಡಿಯ ಮುಂದೆ ಕೂತು ಬೆವರಿಳಿಸಿದ್ದನ್ನು, ಸೋತು ಕನ್ನಡಿಯನ್ನೇ ಮಗುಚಿ ಇಟ್ಟಿದ್ದನ್ನು ಸೊಸೆ ಬಾಗಿಲ ಮರೆಯಿಂದ ನೋಡಿದ್ದಳು. ಇವತ್ತು, ಈ ಗಂಡ ಹೆಂಡತಿ ಬರುವುದಕ್ಕೆ ಸ್ವಲ್ಪ ಮುಂಚೆ, ಇದೇ ಕೋಣೆಯಲ್ಲಿ "ಹಕ್ಕಿ, ಹಾವು, ಹೂವು" ಎಂದು ಒಂದೂ ತಪ್ಪದೆ ಹೇಳಿ ಹುಡುಗಿಯಿಂದ ಚಪ್ಪಾಳೆ ತಟ್ಟಿಸಿಕೊಂಡಿದ್ದರು. ಕಾಯಿಲೆ ಬಿದ್ದ ಮೇಲೆ ಅವರು ಯಾರಿಗೂ ಬೆರಳೆತ್ತಿರಲಿಲ್ಲ ನಿಜ. ಎದುರಿನವರ ಮಾತು ಮುಗಿಯುವ ತನಕ ಕಾಯುತ್ತಿದ್ದರು. ಆದರೆ 'ಹ' ವಾಪಸು ಬಂತಲ್ಲ, ಇನ್ನು ಬೆರಳೂ ವಾಪಸು ಬರುತ್ತದೆ ಎಂದೇ ಸೊಸೆಯ ಅಂದಾಜು.

ಅತ್ತೆ ಕೋಲೂರಿ ಎದ್ದರು. ಕೆಟ್ಟಿತು ಕೆಲಸ ಅಂದುಕೊಂಡಳು ಸೊಸೆ. ಅವರು ನಿಧಾನವಾಗಿ ಹೋಗಿ ಆ ಮನುಷ್ಯನ ಎದುರು ಕೂತು, ಕೋಲನ್ನು ತಲೆಯ ಮೇಲಕ್ಕೆತ್ತಿ ಹಿಡಿದರು.

"ಈ ಕೋಲು... ಅರಾಜು!"

ಹುಡುಗಿಯ ಕೈಯಿಂದ ಚಿತ್ರದ ಕಾರ್ಡು ಜಾರಿತು. ಮೀಸೆಯವನು ಗೋಡೆ ಬಿಟ್ಟು ಇತ್ತ ತಿರುಗಿದ.

"ಅರಾಜು ಅಣ್ಣಾ, ಅರಾಜು! ಒಳ್ಳೇ ಕೋಲು. ನಾಯಿ ಎದರುತ್ತೆ... ಮೊಮ್ಮಕ್ಕಳು ಎದರಲ್ಲ. ಯಾರು ಕೂಗ್ತೀರಿ?"

ಅವನ ಮುಖ ಕೆಂಪಾಯಿತು. ಆಯುಷ್ಯವಿಡೀ ಕೂಗಿದ ಮಾತಿನ ಹಲ್ಲನ್ನೇ ಯಾರೋ ಕಣ್ಣೆದುರು ಕಿತ್ತಿದ್ದರು. "ಅ... ಅ..." ಎಂದು ಬಾಯಿ ತೆರೆದವನು ಸಟ್ಟನೆ ನಿಂತು ಸುತ್ತ ನೋಡಿದ. ಯಾರೂ ನಗಲಿಲ್ಲ. ಅತ್ತೆ ಎತ್ತಿದ ಕೋಲನ್ನು ಇಳಿಸಲಿಲ್ಲ.

"ಹ... ಹ... ಹರಾಜು!"

ಪಕ್ಕದ ಕೋಣೆಯ ನರ್ಸ್ ಗಾಬರಿಯಿಂದ ಇಣುಕಿದಳು. ಅವನ ಹೆಂಡತಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

"ನಾನೂ ಅದೇ ಅಂದಿದ್ದು. ಅರಾಜು."

"ತ... ತಪ್ಪು!" ಅವನು ಬೆರಳೆತ್ತಿ ಗದರಿದ. "ಹ! ಹ-ರಾ-ಜು!"

ಹುಡುಗಿ ಸೊಸೆಯ ಕಿವಿಯಲ್ಲಿ, "ಆಗ ಅಷ್ಟು ಚೆನ್ನಾಗಿ ಹೇಳಿದ್ರಲ್ಲ, ಮತ್ತೆ ಹೋಗ್ಬಿಡ್ತಾ?" ಎಂದು ಪಿಸುಗುಟ್ಟಿದಳು. ಸೊಸೆ ಇಲ್ಲವೆಂದು ತಲೆಯಾಡಿಸಿದಳು. ಅತ್ತೆಯ ಮುಖದೆದುರು 'ತಪ್ಪು' ಅನ್ನುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ. ಇಲ್ಲಿ ಅತ್ತೆ ಅದನ್ನು ಕೇಳಿ, ಬೈಸಿಕೊಂಡ ಶಾಲೆ ಹುಡುಗಿಯ ಹಾಗೆ ತಲೆ ತಗ್ಗಿಸಿ, ಮತ್ತೊಮ್ಮೆ ಬೇಕೆಂದೇ ತಪ್ಪು ಹೇಳುತ್ತಿದ್ದರು. ಅವನು ಮತ್ತೊಮ್ಮೆ ತಿದ್ದುತ್ತಿದ್ದ. ಪ್ರತಿ ಸಲವೂ ಅವನ ದನಿ ಅಷ್ಟಷ್ಟು ಏರುತ್ತಿತ್ತು.

ಅವನ ಹೆಂಡತಿ ಅಳುತ್ತಲೇ ನಗುತ್ತ ಬಂದು ಅತ್ತೆಯ ಭುಜ ಸವರಿದಳು. "ಬೇಜಾರು ಮಾಡ್ಕೋಬೇಡಿ ಅಜ್ಜಿ. ಪಾಪ, ಶಾಲೆಗೆ ಹೋದೋರಲ್ಲ ಅಂತ ಕಾಣುತ್ತೆ. ಇನ್ನು ನಮ್ಮನೆಯವರು ದಿನಾ ಬರ್ತಾರಲ್ಲ, ಹೇಳ್ಕೊಡ್ತಾರೆ ಬಿಡಿ."

ಸೊಸೆಗೆ ತಡೆಯಲಾಗಲಿಲ್ಲ. "ಅಯ್ಯೋ, ಇವರು ಯಾರು ಅಂತ..." ಎಂದು ಶುರುಮಾಡಿದಳು. ಅತ್ತೆ ಅವಳ ಕೈ ಹಿಡಿದು ಅದುಮಿದರು.

"ಊಂ ಕಣಮ್ಮ, ಶಾಲೆಗೆ ಓಗಿಲ್ಲ," ಅಂದರು. "ಅಣ್ಣ ದಿನಾ ಬಂದು ಏಳ್ಕೊಡ್ಲಿ."