ಎಳ್ಳಿನ ಪುಡಿ

ಬಾಣಲೆಯಲ್ಲಿ ಎಳ್ಳು ಸಿಡಿದು ನಿಂತ ಮೇಲೆ ಶಶಿಪ್ರಭಾ ಬಚ್ಚಲಿನ ಕಡೆ ಕಿವಿಗೊಟ್ಟರು. ಸೊಸೆ ಸಾತ್ವಿಕಾ ಇನ್ನೂ ನೀರು ಹೊಯ್ದುಕೊಳ್ಳುತ್ತಿದ್ದಳು. ಅಷ್ಟು ಸಾಕಿತ್ತು. ಹಿಂದಿನ ದಿನವೇ ತಲೆ, ಬಾಲ ಮುರಿದು ಇಟ್ಟಿದ್ದ ಒಣ ಸಿಗಡಿಯನ್ನು, ಅವರ ಬಾಯಲ್ಲಿ ಎಟ್ಟಿಯನ್ನು, ಒಂದು ಹಿಡಿ ಬಾಣಲೆಗೆ ಹಾಕಿ ಗರಿಗರಿಯಾಗಿ ಹುರಿದರು. ಎಳ್ಳು, ಕುಂಬಳಬೀಜ, ನೆಲಗಡಲೆ, ಒಣಮೆಣಸು, ಕಾಳುಮೆಣಸು, ಜೀರಿಗೆ, ಮೂಗು ಮುಚ್ಚುವಷ್ಟು ಬೆಳ್ಳುಳ್ಳಿ, ಎಲ್ಲವನ್ನೂ ಅದರ ಜೊತೆ ಮಿಕ್ಸಿಗೆ ಹಾಕಿ ತಿರುಗಿಸಿದರು. ಒಲೆಯ ಇನ್ನೊಂದು ಉರಿಯಲ್ಲಿ ಗಂಡಸರಿಗೆ ಮೀನಿನ ಸಾರು ಕುದಿಯುತ್ತಿತ್ತು. ಆ ವಾಸನೆಯ ನಡುವೆ ಇದೊಂದು ಯಾರಿಗೆ ತಿಳಿಯಬೇಕು? ಸಾತ್ವಿಕಾ ತಲೆ ಒರೆಸಿಕೊಂಡು ಬರುವಷ್ಟರಲ್ಲಿ ಪುಡಿ ಡಬ್ಬ ಸೇರಿತ್ತು.

ಸಾತ್ವಿಕಾ ಮೀನು ಬಿಟ್ಟು ಒಂದು ತಿಂಗಳಾಗಿತ್ತು. ಮದುವೆಯಾದ ನಾಲ್ಕು ವರ್ಷದಲ್ಲಿ ಎರಡು ಸಲ ಬಸುರಿಯಾಗಿ ಎರಡು ಸಲವೂ ಉಳಿಯಲಿಲ್ಲ. ಮೂರನೆಯದು ನಿಂತಿತೆಂದು ತಿಳಿದ ದಿನವೇ ಅವಳು ತೋಡಾರಿನ ಮನೆಯ ಹಿಂದಿನ ನಾಗಬನದಲ್ಲಿ ಕೈಮುಗಿದು, ಹೆರಿಗೆಯಾಗುವವರೆಗೆ ಮೀನು, ಮಾಂಸ ಮುಟ್ಟುವುದಿಲ್ಲವೆಂದು ಹರಕೆ ಹೇಳಿಕೊಂಡಿದ್ದಳು. ಮೂಡುಬಿದಿರೆಯ ಡಾಕ್ಟರಮ್ಮ ಅಡ್ಡಿಯಿಲ್ಲವೆಂದರು. ಆದರೆ ಬರೀ ಅನ್ನ, ಸೌತೆಕಾಯಿ ಸಾಂಬಾರು ಸಾಲದು, ದಿನಕ್ಕೊಂದು ಬಗೆಯ ಬೀಜವಾದರೂ ಹೊಟ್ಟೆಗೆ ಹೋಗಬೇಕು, ಬಾಯಿಗೆ ರುಚಿ ಹತ್ತಲು ಜೀರಿಗೆ, ಕಾಳುಮೆಣಸು ಸೇರಿಸಿ ಎಂದು ಚೀಟಿ ಬರೆದುಕೊಟ್ಟರು. ಅದನ್ನು ಮಗ ಶಿಶಿರ್ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ.

ಶಶಿಪ್ರಭಾ ಚೀಟಿ ಓದಿ ಮೂಗು ಮುರಿದಿದ್ದರು. ಗಿಳಿಗೆ ಹಾಕುವ ಕಾಳು ತಿಂದು ಯಾರ ಮಗು ಬೆಳೆದೀತು? ಮೂರು ಹೆತ್ತವರು ಅವರು; ಒಂದರಲ್ಲೂ ಮೀನಿಲ್ಲದೆ ಗಂಜಿ ಕುಡಿದವರಲ್ಲ. ಆದರೆ ಹೇಳುವ ಬಾಯಿ ಇರಲಿಲ್ಲ. ಎರಡನೇ ಸಲ ಬಸಿರು ಹೋದಾಗ, ನಮ್ಮ ಕುಟುಂಬದಲ್ಲಿ ಯಾರಿಗೂ ಹೀಗಾದದ್ದಿಲ್ಲ ಎಂದು ನಾಲಗೆ ಜಾರಿಬಿಟ್ಟಿತ್ತು. ಅಂದಿನಿಂದ ಅತ್ತೆ ಸೊಸೆಯ ಮಾತು ಹಾಲು ಬಂತೇ, ಗ್ಯಾಸ್ ಬಂತೇ ಎಂಬಲ್ಲಿಗೇ ಮುಗಿಯುತ್ತಿತ್ತು. ಸಾತ್ವಿಕಾ ಚೀಟಿ ನೋಡಿಕೊಂಡು ತನ್ನ ಪಾಡಿಗೆ ಎಳ್ಳು ಅರೆಯುವಳು, ಎರಡು ತುತ್ತು ತಿಂದು ತಟ್ಟೆ ಸರಿಸುವಳು. ಕೈಕಾಲು ಕಡ್ಡಿಯಾಗುತ್ತಾ ಬಂತು. ನೋಡಿ ನೋಡಿ ಶಶಿಪ್ರಭಾರ ಕರುಳು ಚುರುಕ್ಕೆಂದಿತು. ತಿಳಿಯದೆ ತಿಂದವರಿಗೆ ದೋಷವಿಲ್ಲ, ಬಡಿಸಿದವರಿಗೆ ಮಾತ್ರ ಎಂದು ಅವರು ತಮ್ಮೊಳಗೇ ತೀರ್ಮಾನಿಸಿದರು. ನಾಗನಿಗೆ ಸಿಟ್ಟು ಬಂದರೆ ತನ್ನ ಮೇಲೆ ಬರಲಿ. ಅರುವತ್ತೆರಡು ದಾಟಿದವಳಿಂದ ಇನ್ನೇನು ಕಿತ್ತುಕೊಳ್ಳುವುದುಂಟು?

ಮಧ್ಯಾಹ್ನ ಗಂಜಿಯ ಪಕ್ಕ ಪುಡಿ ಬಡಿಸಿ, "ನಿನ್ನ ಚೀಟಿಯಲ್ಲಿ ಇದ್ದದ್ದನ್ನೆಲ್ಲ ಹಾಕಿದ್ದೇನೆ. ತಿಂದು ನೋಡು" ಎಂದರು. ಸಾತ್ವಿಕಾ ಬೆರಳ ತುದಿಯಲ್ಲಿ ಚೂರು ನಾಲಗೆಗೆ ಇಟ್ಟುಕೊಂಡಳು. ಸ್ವಲ್ಪ ಹೊತ್ತು ತಲೆಯೆತ್ತಲಿಲ್ಲ. ಆಮೇಲೆ ಅವಳು ಇನ್ನೊಂದು ಚಮಚ ಹಾಕಿಸಿಕೊಂಡಳು. ಎರಡು ಬಟ್ಟಲು ಗಂಜಿ ಹೋಯಿತು.

ಎರಡು ತಿಂಗಳು ಮನೆಯ ಗಾಳಿಯೇ ಬೇರೆಯಾಗಿತ್ತು. ಡಬ್ಬ ಖಾಲಿಯಾದಂತೆ ಶಶಿಪ್ರಭಾ ತುಂಬಿಸಿದರು; ಒಮ್ಮೆ ಗೇರುಬೀಜ ಸೇರಿಸಿದರು, ಒಮ್ಮೆ ಹುರಿದ ಹಲಸಿನಬೀಜ. ಸಿಗಡಿ ಮಾತ್ರ ತಪ್ಪಲಿಲ್ಲ. ಸೊಸೆಯ ಕೆನ್ನೆ ತುಂಬಿತು. ಸಂಜೆ ಅವಳು ಮೆಟ್ಟಿಲಲ್ಲಿ ಕೂತರೆ ಅತ್ತೆ ಹಿಂದಿನ ಮೆಟ್ಟಿಲಲ್ಲಿ ಕೂತು ತಲೆ ಬಾಚುವರು. ತೂಕ ನೋಡಿದ ಡಾಕ್ಟರಮ್ಮ ಬೀಜಗಳ ಗುಣವನ್ನು ಬಾಯ್ತುಂಬ ಹೊಗಳಿದಾಗ ಶಶಿಪ್ರಭಾರಿಗೆ ಒಳಗೊಳಗೇ ನಗು ತಡೆಯಲಾಗಲಿಲ್ಲ.

ಐದನೆಯ ತಿಂಗಳಲ್ಲಿ ಮಗುವಿನ ಎದೆಬಡಿತ ನಿಂತಿತು. ತಿಂದದ್ದರಿಂದ ಅಲ್ಲ, ಮಾಡಿದ್ದರಿಂದ ಅಲ್ಲ, ಮಗುವಿನ ಹೃದಯವೇ ಸರಿ ಬೆಳೆದಿರಲಿಲ್ಲ, ಯಾರ ತಪ್ಪೂ ಇಲ್ಲ ಎಂದು ಡಾಕ್ಟರಮ್ಮ ಮೂರು ಮೂರು ಸಲ ಹೇಳಿದರು. ಶಶಿಪ್ರಭಾ ತಲೆಯಾಡಿಸಿದರು, ಒಂದು ಮಾತೂ ಒಳಗೆ ಇಳಿಯಲಿಲ್ಲ. ಡಾಕ್ಟರಮ್ಮನಿಗೆ ಸ್ಕ್ಯಾನಿಂಗ್ ಗೊತ್ತು, ನಾಗ ಗೊತ್ತಿಲ್ಲ.

ಆಸ್ಪತ್ರೆಯಿಂದ ಮನೆಗೆ ಬಂದ ಮೂರನೇ ದಿನ ಅವರು ಸೊಸೆಯ ಮಂಚದ ಅಂಚಿನಲ್ಲಿ ಕೂತು ಎಲ್ಲವನ್ನೂ ಹೇಳಿಬಿಟ್ಟರು. ಸಿಗಡಿ ಹುರಿದದ್ದು, ಬೆಳ್ಳುಳ್ಳಿ ಹಾಕಿ ಮುಚ್ಚಿದ್ದು, ಬಚ್ಚಲಿಗೆ ಕಿವಿಗೊಟ್ಟದ್ದು, ಒಂದನ್ನೂ ಬಿಡಲಿಲ್ಲ. ಅವಳು ಬಾಯಿಗೆ ಬಂದ ಹಾಗೆ ಬೈದರೆ ಸಾಕು, ತನ್ನ ಭಾರ ಅಷ್ಟಾದರೂ ಇಳಿದೀತು ಎಂಬ ಆಸೆ.

"ನಿನಗೆ ಗೊತ್ತಿರಲಿಲ್ಲ ಮಗಾ. ಗೊತ್ತಿಲ್ಲದೆ ತಿಂದವರಿಗೆ ದೋಷ ಇಲ್ಲ. ಹರಕೆ ತಪ್ಪಿದ್ದು ಪೂರಾ ನನ್ನ ತಲೆಗೆ."

ಸಾತ್ವಿಕಾ ಅವರನ್ನೇ ನೋಡುತ್ತ ಮಲಗಿದ್ದಳು. ಕಣ್ಣಲ್ಲಿ ನೀರಿರಲಿಲ್ಲ.

"ಬಂಟ್ವಾಳದಲ್ಲಿ ಹೊಳೆಬದಿಯಲ್ಲೇ ನನ್ನ ಅಮ್ಮನ ಮನೆ, ಮಾಮಿ. ಎಟ್ಟಿಯ ರುಚಿ ನನಗೆ ಗೊತ್ತಾಗುವುದಿಲ್ವಾ? ಮೊದಲನೇ ದಿನವೇ ಗೊತ್ತಾಗಿದೆ."

ಶಶಿಪ್ರಭಾ ತಾನು ಹೊರುತ್ತೇನೆಂದು ಬಂದಿದ್ದ ದೋಷವನ್ನು ಈ ಹುಡುಗಿ ಎರಡು ತಿಂಗಳಿಂದ, ದಿನಕ್ಕೆ ಎರಡು ಹೊತ್ತು, ತಿಳಿದೂ ತಿಳಿದೂ ಉಂಡಿದ್ದಳು. ಅವರಿಗೆ ಹೊರಲು ಏನೂ ಉಳಿಯಲಿಲ್ಲ.

"ಗೊತ್ತಿದ್ದೂ ಯಾಕೆ ತಿಂದೆ?" ಎಂದು ಹೇಗೋ ಕೇಳಿದರು.

ಸಾತ್ವಿಕಾ ಗೋಡೆಯ ಕಡೆಗೆ ಹೊರಳಿದಳು.

"ಈ ಮನೆಗೆ ಬಂದ ಮೇಲೆ ನನಗೇಂತ ನೀವು ಒಂದು ಅಡುಗೆ ಮಾಡಿದ್ದು ಅದೇ ಮೊದಲು, ಮಾಮಿ. ಬೇಡ ಅಂತ ಹೇಗೆ ಹೇಳುವುದು?"