ಎರಡು ಬಿಳಿ ಬಸ್ಸು

ಉಡುಪು ಕಾರ್ಖಾನೆಯಲ್ಲಿ ತನ್ನದೇ ಹೊಲಿಗೆ ಯಂತ್ರದ ಮುಂದೆ ಮಗಳು ಕೂತು ಅಂಗಿಯ ಕಾಲರಿಗೆ ಹೊಲಿಗೆ ಹಾಕುತ್ತಿದ್ದುದನ್ನು ಕಂಡು ತಾಯಿ ಬಾಗಿಲಲ್ಲೇ ನಿಂತಳು. ಹುಡುಗಿಯ ಮೈಮೇಲೆ ಹೈಸ್ಕೂಲಿನ ಸಮವಸ್ತ್ರ, ಅದರ ಮೇಲೆ ತಾಯಿ ಕಾರ್ಖಾನೆಗೆ ತೊಡುವ ನೀಲಿ ಕೋಟು. ಕಣ್ಣು ತೆರೆದೇ ಇತ್ತು. ಆದರೆ ಹೆತ್ತವಳಿಗೆ ಗೊತ್ತಾಯಿತು, ಮಗಳಿನ್ನೂ ಎದ್ದಿಲ್ಲ.

ಆದದ್ದಿಷ್ಟು. ಬೀದಿಯ ತಿರುವಿನಲ್ಲಿ ಬೆಳಕು ಹರಿಯುವ ಮುಂಚೆಯೇ ಎರಡು ಬಸ್ಸು ಬಂದು ನಿಲ್ಲುತ್ತವೆ. ಎರಡೂ ಬಿಳಿ, ಎರಡೂ ಒಬ್ಬನೇ ಮಾಲೀಕನವು. ಒಂದು ಕಾರ್ಖಾನೆಗೆ, ಇನ್ನೊಂದು ಶಾಲೆಗೆ. ದಿನವೂ ತಾಯಿ ಮಗಳ ರಟ್ಟೆ ಹಿಡಿದು ಶಾಲೆಯ ಬಸ್ಸಿಗೆ ತಳ್ಳಿ ತಾನು ಇನ್ನೊಂದಕ್ಕೆ ಓಡುವಳು. ಆ ದಿನ ಅವಳಿಗೆ ಜ್ವರ. ಮಗಳು ಒಬ್ಬಳೇ ಹೊರಟಳು. ಚಳಿಗೆ ಕೈಗೆ ಸಿಕ್ಕಿದ್ದು ಅಮ್ಮನ ಕೋಟು, ಕಾಲಿಗೆ ಸಿಕ್ಕಿದ್ದು ಕಾರ್ಖಾನೆಯ ಬಸ್ಸು.

"ಯಾರೂ ತಡೀಲಿಲ್ವೇನೇ?" ತಾಯಿ ಕೇಳಿದಳು.

"ಯಾಕೆ ತಡೀತಾರೆ?" ಫೋನು ಮಾಡಿ ಅವಳನ್ನು ಕರೆಸಿದ್ದ ಪಕ್ಕದ ಯಂತ್ರದ ಗುಂಡಿ ಅಕ್ಕ ಅಂದಳು. ಅಂಗಿಗೆ ಗುಂಡಿ ಕೂರಿಸುವುದು ಅವಳ ಕೆಲಸ. "ಬಸ್ಸಿನ ತುಂಬಾ ತೂಕಡಿಸೋ ತಲೆಗಳೇ. ಗೇಟಿನವನು ಕೋಟು ನೋಡ್ದ, ಒಳಗೆ ಬಿಟ್ಟ. ನಾನೂ ನೀನೇ ಅಂತಿದ್ದೆ ಕಣೇ. ಒಂದೇ ರಾತ್ರಿ ಜ್ವರಕ್ಕೆ ಇಷ್ಟು ಸೊರಗಿಬಿಟ್ಟಳಾ ಅಂತ ಮರುಗಿದ್ದೂ ಆಯ್ತು. ಕೋಟಿನ ಕೆಳಗೆ ಸ್ಕೂಲಿನ ಲಂಗ ಕಂಡ ಮೇಲೇ ನಿಂಗೆ ಫೋನ್ ಮಾಡಿದ್ದು."

ಅಷ್ಟರಲ್ಲಿ ಮೇಲ್ವಿಚಾರಕ ಬಂದು ಕಾಲರನ್ನೆತ್ತಿ ಬೆಳಕಿಗೆ ಹಿಡಿದ. "ನಿನ್ನ ಮಗಳಾ? ಕೈ ಚೆನ್ನಾಗಿದೆ. ನಿನಗಿಂತ ಸೀದಾ ಹೊಲೀತಾಳೆ. ಓದು ಹತ್ತದಿದ್ರೆ ಹೇಳಮ್ಮ, ಜಾಗ ಇದೆ."

ತಾಯಿಯೂ ನೋಡಿದಳು. ರಜೆಯಲ್ಲಿ ಮನೆಯ ಹಳೇ ಯಂತ್ರದ ಮೇಲೆ ತಾನೇ ಕಲಿಸಿದ ಹೊಲಿಗೆ. ನಿಜಕ್ಕೂ ಸೀದಾ ಇತ್ತು. ಕ್ಷಣಹೊತ್ತು ಎದೆಯುಬ್ಬಿತು, ಮರುಕ್ಷಣ ಅವನ ಕೈಯಿಂದ ಕಾಲರನ್ನು ತೆಗೆದು ಪಕ್ಕಕ್ಕಿಟ್ಟಳು. ಅವಳು ಮಗಳ ಕುತ್ತಿಗೆಯ ಮೇಲೆ ಕೈಯಿಟ್ಟಳು. ಹುಡುಗಿ ಬೆಚ್ಚಿ, "ಗಣಿತದ ಪೀರಿಯಡ್ ಮುಗೀತಾ?" ಅಂದಳು. ಸಾಲಿನ ಹೆಂಗಸರೆಲ್ಲ ನಕ್ಕರು. ತಾಯಿಗೆ ನಗು ಬರಲಿಲ್ಲ. ಇನ್ನೊಂದು ದಿನ ಶಾಲೆ ತಪ್ಪಿಸಿದರೂ ಪರೀಕ್ಷೆಗೆ ಕೂರಿಸುವುದಿಲ್ಲವೆಂದು ಹೆಡ್ಮಾಸ್ತರು ಹಿಂದಿನ ವಾರವಷ್ಟೇ ಹೇಳಿ ಕಳಿಸಿದ್ದರು. ಆ ಇನ್ನೊಂದು ದಿನ ಇದೇ ಆಗಿತ್ತು.

ಮಾರನೆಯ ಬೆಳಗ್ಗೆ ಮಗಳ ಜೊತೆ ಅವಳೂ ಶಾಲೆಯ ಬಸ್ಸು ಹತ್ತಿದಳು. ತಿರುಗಿ ನೋಡಿದರೆ ಸಾಲು ಸಾಲು ಮಕ್ಕಳು, ಕಿಟಕಿಗೆ ಹಣೆ ಹಚ್ಚಿ, ಒಬ್ಬರ ಹೆಗಲಿಗೆ ಒಬ್ಬರು ಒರಗಿ, ಬಾಡಿದ ಸೊಪ್ಪಿನ ಕಟ್ಟಿನ ಹಾಗೆ. ಇಷ್ಟು ವರ್ಷ ಕೇಳಬೇಕೆನಿಸದ ಒಂದು ಪ್ರಶ್ನೆ ಅವಳ ನಾಲಗೆಯ ಮೇಲೆ ಬಂದು ಕೂತಿತು.

"ಅಲ್ಲಣ್ಣ, ಶಾಲೆ ಯಾಕೆ ಇಷ್ಟು ಬೇಗ?"

"ಎಂಟಕ್ಕೆ ಈ ಬಸ್ಸು ಆಫೀಸಿನವರಿಗೆ ಹೋಗಬೇಕಲ್ಲ," ಡ್ರೈವರ್ ಅಂದ. "ಅದಕ್ಕೆ ಮುಂಚೆ ನಿಮ್ಮ ಮಕ್ಕಳನ್ನ ಸುರಿದುಬಿಡಬೇಕು."

"ಅವರನ್ನೇ ಮುಂಚೆ ಸುರೀಬಹುದಲ್ಲ?"

"ಏನಮ್ಮ ಹೀಗಂತೀಯ. ದೊಡ್ಡವರು, ಅವರಿಗೆ ನಿದ್ದೆ ಬೇಡ್ವಾ?"

ಹೆಡ್ಮಾಸ್ತರ ಕೋಣೆಯಲ್ಲಿ ಅವಳು ನಡೆದದ್ದನ್ನೆಲ್ಲ ಹೇಳುವ ಮೊದಲೇ ಅವರು ಕೈಯೆತ್ತಿದರು. "ನೆವ ಬೇಡ. ರಾತ್ರಿ ಬೇಗ ಮಲಗಿಸಿ."

"ಮಲಗಿಸ್ತೀನಿ ಸಾರ್. ದೀಪ ಆರಿಸ್ತೀನಿ, ಫೋನು ಕಿತ್ತಿಡ್ತೀನಿ. ಕಣ್ಣು ಮುಚ್ತಾಳೆ, ನಿದ್ದೆ ಬರಲ್ಲ. ಚಿಕ್ಕವಳಿದ್ದಾಗ ಕೋಳಿಗಿಂತ ಮುಂಚೆ ಎದ್ದು ನನ್ನನ್ನ ಎಬ್ಬಿಸೋಳು. ಮೈ ಬೆಳೆದ ಮೇಲೆ ಹೀಗೆ. ಇವಳೊಬ್ಬಳೇ ಅಲ್ಲ, ನಿಮ್ಮ ಬಸ್ಸಿನ ತುಂಬಾ ಹೀಗೇ ಇದ್ದಾರೆ. ಅವರ ವಯಸ್ಸಿನ ನಿದ್ದೇನೇ ತಡವಾಗಿ ಬರುತ್ತೋ ಏನೋ. ಒಂದು ಗಂಟೆ ಆಚೆ ಸರಿಸಿದ್ರೆ ಏನಾಗುತ್ತೆ, ಅದನ್ನ ತಿಳ್ಕೊಳ್ಳೋಣ ಅಂತ ಬಂದೆ."

ಹೆಡ್ಮಾಸ್ತರು ಬಂದ ಆಕಳಿಕೆಯನ್ನು ಅಂಗೈಯಲ್ಲಿ ಮುಚ್ಚಿದರು. "ನಮ್ಮ ಕಾಲದಿಂದಲೂ ಇದೇ ಹೊತ್ತು. ಇದು ಶಿಸ್ತಮ್ಮ. ಈಗಲೇ ಅಭ್ಯಾಸ ಆಗಬೇಕು. ನಾಳೆ ಹೊರಗಿನ ಪ್ರಪಂಚದಲ್ಲಿ, ನಿದ್ದೆಗಣ್ಣಲ್ಲಿ ಬಂದವರನ್ನ ಯಾರು ಒಳಗೆ ಸೇರಿಸ್ಕೋತಾರೆ?"

"ಸೇರಿಸ್ಕೋತಾರೆ ಸಾರ್." ಅವಳ ದನಿ ಏರಲಿಲ್ಲ. "ನಿನ್ನೆ ನಿದ್ದೆಗಣ್ಣಲ್ಲೇ ನನ್ನ ಕಾರ್ಖಾನೆಗೆ ಹೋಗಿದ್ಲು. ಎದ್ದಿದ್ದಾಳಾ ಅಂತಾನೂ ನೋಡಲಿಲ್ಲ. ನೀವು ಕೂರಿಸೋಲ್ಲ ಅಂತೀರಿ, ಅವರು ಕೂರಿಸ್ಕೊಂಡ್ರು."

ಹೆಡ್ಮಾಸ್ತರು ಬಾಗಿಲ ಕಡೆ ನೋಡಿದರು. ಹುಡುಗಿ ಚೌಕಟ್ಟಿಗೆ ಒರಗಿ ನಿಂತಲ್ಲೇ ನಿದ್ದೆ ಹೋಗಿದ್ದಳು. ಅವಳ ಎರಡು ಬೆರಳು ಮಾತ್ರ ಲಂಗದ ಅಂಚನ್ನು ಹಿಡಿದು, ಕಾಣದ ಸೂಜಿಯೊಂದರ ಅಡಿಗೆ, ಮೆಲ್ಲಗೆ, ಸೀದಾ ಮುಂದೆ ತಳ್ಳುತ್ತಿದ್ದವು.