ಗ್ರಹಣದ ಕನ್ನಡಕ

"ಬಸುರಾಕಿ ಗ್ರಹಣ ನೋಡಬ್ಯಾಡಂತ ಬಡ್ಕೊಂಡೆ. ಸಾಲಿ ಹುಡುಗರಿಗೆ ತೋರಸಾಕ ಹೋಗಿ ಕೂಸನ್ನ ಕಳ್ಕೊಂಡಿ," ಎಂದಳು ಪಕ್ಕದ ಮನೆಯ ಚನ್ನವ್ವ.

ವಿಜ್ಞಾನದ ಟೀಚರ್ ಮೆಹಜಬೀನ, ಆ ದಿನ ಗ್ರಹಣ ನೋಡಿದ ಕಪ್ಪು ಕನ್ನಡಕವನ್ನು ಇನ್ನೂ ಕೈಯಲ್ಲೇ ಹಿಡಿದು ಕೂತಿದ್ದಳು. ಗ್ರಹಣವೆಂದರೆ ಬರೀ ನೆರಳೆಂದು ಪಾಠ ಹೇಳಿದವಳ ಎದೆಯನ್ನೂ ಅದೇ ಮಾತು ಕೊರೆಯುತ್ತಿತ್ತು. ಅಳದೇ ಹುಟ್ಟಿದ ಕೂಸು ಕಿವಿಯೊಳಗೆ ಅಳುತ್ತಲೇ ಇತ್ತು.

ಮಸೀದಿಯ ಇಮಾಮರಾದ ಅವಳ ಅಬ್ಬಾ, ಕೂಸನ್ನು ಮಣ್ಣು ಮಾಡಿ ಬಂದವರು, ಬಾಗಿಲಲ್ಲೇ ನಿಂತರು. "ಚನ್ನವ್ವಾ, ನಮ್ಮ ಪೈಗಂಬರರ ಕೂಸು ತೀರಿದ ದಿನಾನೂ ಗ್ರಹಣ ಹಿಡಿದಿತ್ತು. ಸೂರ್ಯನೂ ಅತ್ತ ಅಂದ್ರು ಮಂದಿ. ಯಾರ ಸಾವಿಗೂ ಗ್ರಹಣ ಹಿಡಿಯೂದಿಲ್ಲ ಅಂದ್ರು ಪೈಗಂಬರರು. ಇಕಿ ಪುಸ್ತಕಾನೂ ಅದನ್ನ ಹೇಳತೈತಿ."

ಮೆಹಜಬೀನ ಕನ್ನಡಕವನ್ನು ಕೆಳಗಿಟ್ಟಳು.

"ಹಂಗಾದ್ರ ಅಬ್ಬಾ, ನಾ ಹೆರಿಗಿ ಬ್ಯಾನಿ ತಿನ್ನೂವಾಗ ದವಾಖಾನ್ಯಾಗ ಡಾಕ್ಟರ ಯಾಕ ಇರಲಿಲ್ಲ?"